ಬಿದ್ದು ಏಳುವ ಸಿಪಾಯಿ

ಜೂನ್ 2, ಸೋಮವಾರ. ಸುರಪುರ

ಈ ಸಿಪಾಯಿ ವೇಷ ಯಾವಾಗ ಕಳಚತೀನೋ ಗೊತ್ತಿಲ್ಲ. ಯುದ್ಧನಿಧಿಗಂತ ವರ್ತಕರ ಸಂಘದವರು ಮಾಡಿಸಿದ ಮೂಕಿ ಸಿನಿಮಾದಾಗ ಸಾಲಿ ಮಾಸ್ತರ ಆದ ನಾನೇ ಸಿಪಾಯಿ. ಬಾಂಬು ಬೀಳತದ, ನಾ ಪಲ್ಟಿ ಹೊಡೀತೀನಿ, ಧೂಳಾ ಝಾಡಿಸಿಕೊಂಡು ಏಳತೀನಿ. ಒಂದೇ ಸಿನಿಮಾದಾಗ ಹನ್ನೊಂದು ಸಲ! ಜನ ನಕ್ಕು ಸಾಕಾದ ಮ್ಯಾಲೆ ಅದೇ ವೇಷದಾಗ ಜೋಳಿಗಿ ಹಿಡೀಬೇಕು.

ಇವತ್ತು ದೇವಾಪುರದಾಗ ಸಾಲಿ ಕಿಟಕಿಗೆ ಜಮಖಾನಿ ಕಟ್ಟಿ, ಕತ್ತಲು ಮಾಡಿ ಮಧ್ಯಾಹ್ನನೇ ತೋರಿಸಿದಿವಿ. ಮುಂದ ಕೂತಿದ್ದ ಮಲ್ಲಿಕಮ್ಮ ಮಾತ್ರ ನಗಲಿಲ್ಲ. ಆಕಿ ಮಗ ದೇವು ಗಡಿಯಾಗ ಅದಾನ. ಒಂಬತ್ತು ದಿನ ಆತು, ಫೋನಿಲ್ಲ. ಜೋಳಿಗಿಗೆ ನೂರರ ನೋಟು ಹಾಕಿದಳು, ನನ್ನ ತೋಳು ಹಿಡಿದಾಕಿ ಬಿಡಲಿಲ್ಲ.

"ಯಪ್ಪಾ, ನೀ ಬಿದ್ದು ಏಳೂದು ಇನ್ನೊಮ್ಮೆ ತೋರಸು."

ತೋರಿಸಿದಿವಿ. ಮತ್ತ ಕೇಳಿದಳು. ಮೂರನೇ ಸಲನೂ, ಪರದೆ ಮ್ಯಾಲೆ ನಾ ಏಳೋತನಕ ಆಕಿ ಉಸಿರು ಬಿಗಿ ಹಿಡಿದು ಕೂತಿದ್ದಳು.

ಇನ್ನ ನನ್ನಿಂದ ಆಗೂದಿಲ್ಲಂತ ಸಂಘದ ಸಂಗಣ್ಣಗ ಹೇಳಿದೆ.

"ಹಂಗಂದ್ರ ಹೆಂಗ್ರಿ ಮಾಸ್ತರ? ನಾಳೆ ಶಿರವಾಳಕ್ಕ ಬರ್ತೀವಂತ ಹೇಳೇವಿ. ಮಲ್ಲಿಕಮ್ಮನೂ ಬರ್ತಾಳಂತ್ರಿ, ಗಾಡ್ಯಾಗ ಜಾಗ ಇಡ್ರಿ ಅಂದಾಳ."

ಹೂಂ ಅಂದೆ.

ವೇಷ ಒಗೆದು ಹಗ್ಗದ ಮ್ಯಾಲೆ ಹಾಕೀನಿ. ಮುಂಜಾನಿ ಅನ್ನೋದ್ರಾಗ ಒಣಗಬೇಕು.