ಗೋಡೆಯ ಮೇಲಿನ ಗುಜರಿ

ಬುಧವಾರ, ಮಧ್ಯಾಹ್ನ
ಅಂಗಡಿಯಿಂದ

ಸಾಹುಕಾರರಿಗೆ,

ಹಳೆಯ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದೇನೆ. ಬೇರೆ ಏನು ಬರೆದರೂ ವಕೀಲರು ಹೇಳಿ ಬರೆಸಿದಂತೆ ಕಾಣುತ್ತಿತ್ತು. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮೊದಲು ನಗುತ್ತೀಯ, ಆಮೇಲೆ ಉತ್ತರ ಕೊಡುತ್ತೀಯ. ಅಷ್ಟರಲ್ಲಿ ನಾನು ಕೇಳಿದ್ದೇನು ಎಂಬುದು ಇಬ್ಬರಿಗೂ ಮರೆತುಹೋಗಿರುತ್ತದೆ.

ಅತ್ತೆ ಚೆನ್ನಾಗಿದ್ದಾರೆ. ಮೊಣಕಾಲು ಹಾಗೇ ಇದೆ. ನಿನ್ನ ಹತ್ತಿರ ಬಂದಿರಲು ಹೇಳಿ ಕಳಿಸಿದ್ದೆಯಲ್ಲ, ಅದನ್ನು ಮುಟ್ಟಿಸಿದೆ. ಅವನು ಬಿಟ್ಟುಹೋಗಿದ್ದು ನಿನ್ನನ್ನ, ನಾನ್ಯಾಕಮ್ಮ ಗಂಟುಮೂಟೆ ಕಟ್ಲಿ, ಅಲ್ಲಿ ಮೆಟ್ಟಿಲು ಬೇರೆ ಜಾಸ್ತಿಯಂತೆ ಅಂದರು. ಈ ಎರಡು ವರ್ಷದಲ್ಲಿ ಅವರು ನಿನ್ನ ಪರ ವಹಿಸಿದ್ದೂ ಇಲ್ಲ, ನನ್ನ ಪರ ವಹಿಸಿದ್ದೂ ಇಲ್ಲ. ಮೆಟ್ಟಿಲ ಪರ ಮಾತ್ರ.

ವಿಷಯಕ್ಕೆ ಬರುತ್ತೇನೆ. ಶನಿವಾರದೊಳಗೆ ನನಗೆ ನಿನ್ನಿಂದ ಒಂದು ಉತ್ತರ ಬೇಕು.

ಸೋಮವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಬಂದಿದ್ದರು. ಒಂಬತ್ತು ವರ್ಷದ ಹಿಂದೆ ನಮ್ಮಿಂದ ಆ ಕೆಂಪು ಬೇಸ್ ಗಿಟಾರ್ ಕೊಂಡವರು. ಕೊಳ್ಳುವ ಮುಂಚೆ ಅದರ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್‌ಗಳನ್ನು ಒಂದೊಂದಾಗಿ ಉಗುರಿನಿಂದ ತಟ್ಟಿ ನೋಡಿದ್ದರು. ಅವರು ಹೋದ ಮೇಲೆ ನೀನು, ಹುಳುಕು ಸಿಕ್ಕಿದ್ರೆ ಇಲ್ಲೇ ಕಿತ್ತುಬಿಡ್ತಿದ್ರು ಅಂದಿದ್ದೆ. ಈಗ ಅವರ ಎಡಗೈ ಬೆರಳು ಸರಿಯಾಗಿ ಮಡಚುವುದಿಲ್ಲ, ಮಾರಿಬಿಡುತ್ತಾರಂತೆ. ಕೊಳ್ಳುವವರೂ ಸಿಕ್ಕಿದ್ದಾರೆ, ಹಳೆಯ ಗಿಟಾರ್‌ಗಳನ್ನು ಸಂಗ್ರಹಿಸುವ ಯಾರೋ. ಶನಿವಾರ ತಮ್ಮ ಕಡೆಯ ತಜ್ಞರನ್ನು ಕರೆತಂದು ಬಿಚ್ಚಿಸಿ ನೋಡುತ್ತಾರೆ. ಅದಕ್ಕೂ ಮೊದಲು ನೀವೊಮ್ಮೆ ಕಣ್ಣಾಡಿಸಿಬಿಡಿ ಮೇಡಂ, ಅವರಿಗೆ ನಿಮ್ಮ ಹೆಸರೇ ಹೇಳಿದ್ದೀನಿ, ಅಡಿಯಿಂದ ಮುಡಿವರೆಗೆ ಒಂದೇ ಹುಟ್ಟು ಅಂತ ನೀವೇ ಅಂದಿದ್ದಿರಲ್ಲ ಅಂದರು.

ಅಂದಿದ್ದೆ. ಮೈ, ಕತ್ತು, ಒಳಗಿನ ತಂತಿ ಸುರುಳಿ, ಗುಂಡಿ, ಎಲ್ಲವೂ ಒಂದೇ ವರ್ಷ ಒಂದೇ ಕಾರ್ಖಾನೆಯಿಂದ ಹೊರಟು, ಅಂದಿನಿಂದ ಒಂದನ್ನೊಂದು ಬಿಡದೆ ಉಳಿದದ್ದು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಅದನ್ನು ನಾನು ಸುಲಭಕ್ಕೆ ಆಡುವುದಿಲ್ಲ ಎಂಬ ಕಾರಣಕ್ಕೇ ಜನ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದು.

ಡಾಕ್ಟರು ಎದುರಿಗೇ ಕುಳಿತಿದ್ದರು. ಮೇಜಿನ ಮೇಲೆ ಕಂಬಳಿ ಹಾಸಿ ಅದನ್ನು ಮಲಗಿಸಿದೆ, ತಂತಿ ಸಡಿಲಿಸಿದೆ, ಬೋರಲು ಹಾಕಿ ಬೆನ್ನಿನ ಪಟ್ಟಿಯ ನಾಲ್ಕು ಸ್ಕ್ರೂ ತೆಗೆದು ಕತ್ತನ್ನು ಎತ್ತಿದೆ. ಕತ್ತಿನ ಬುಡದಲ್ಲಿ ಬಣ್ಣವಿರುವುದಿಲ್ಲ. ಮೈಯೊಳಗೆ ಕೂತು ಯಾರ ಕಣ್ಣಿಗೂ ಬೀಳದ ಆ ಬರಿ ಮರದ ಮೇಲೆಯೇ ತಾರೀಖು ಬರೆದಿರುತ್ತಾರೆ. ಒಂಬತ್ತು ವರ್ಷದ ಹಿಂದೆ ನಾನು ಅಲ್ಲಿ ನೋಡಿದ್ದು ಪೆನ್ಸಿಲ್ಲಿನ ತಾರೀಖು. ಪಕ್ಕದಲ್ಲಿ ಅದನ್ನು ಕೆತ್ತಿದವನ ರುಜು, ಮುದುಡಿ ಮಲಗಿದ ಬೆಕ್ಕಿನ ಹಾಗೆ. ನಿನ್ನನ್ನು ಕರೆದು ತೋರಿಸಿದ್ದೆ. ಬಾಲ ಎಲ್ಲಿದೆ ಅಂತ ಕೇಳಿದ್ದೆ ನೀನು.

ಸೋಮವಾರ ಅಲ್ಲಿ ಬೆಕ್ಕು ಇರಲಿಲ್ಲ. ಶಾಯಿಯ ಮುದ್ರೆ ಇತ್ತು. ತಾರೀಖು ಮೈಯದಕ್ಕಿಂತ ನಾಲ್ಕು ವರ್ಷ ಈಚಿನದು.

ನನ್ನ ಮುಖದಲ್ಲಿ ಏನು ಕಂಡಿತೋ, ಡಾಕ್ಟರು ಏನಾದ್ರೂ ತೊಂದ್ರೆನಾ ಅಂದರು. ಏನಿಲ್ಲ, ಸ್ವಲ್ಪ ಧೂಳು, ಎರಡು ದಿನ ಇಟ್ಟುಹೋಗಿ ಅಂದೆ. ನಾವೂ ಹಾಗೇ ಹೇಳೋದು ಮೇಡಂ, ಏನಿಲ್ಲ, ಸ್ವಲ್ಪ ಕ್ಲೀನಿಂಗ್ ಅಂತ ಎಂದು ನಕ್ಕು, ನಗುತ್ತಲೇ ಒಮ್ಮೆ ನನ್ನನ್ನು ನೋಡಿ ಹೋದರು.

ಅವರು ಹೋದ ಮೇಲೆ ನಾನು ಮೊದಲು ಅನುಮಾನಪಟ್ಟದ್ದು ನನ್ನನ್ನೇ. ಎಷ್ಟು ಕತ್ತುಗಳನ್ನು ಎತ್ತಿ ನೋಡಿದ್ದೇನೆ. ಬೆಕ್ಕಿನ ರುಜು ಇನ್ಯಾವುದರದೋ ಇರಬಹುದು, ಇದಕ್ಕೆ ತಂದು ಅಂಟಿಸಿಕೊಂಡಿದ್ದೇನೆ ಅಂದುಕೊಂಡೆ. ಆದರೆ ಮೈಯ ವರ್ಷ ಒಂದು, ಕತ್ತಿನ ವರ್ಷ ಇನ್ನೊಂದು. ಇದು ಕಣ್ಣಿಗೆ ಬಿದ್ದೂ ಒಂದೇ ಹುಟ್ಟು ಅನ್ನುವಷ್ಟು ಮಂಕು ನನಗೆ ಎಂದಾದರೂ ಕವಿದಿತ್ತೇ? ನೆನಪು ಸರಿಯಿದ್ದರೆ ಯಾರೋ ಮೋಸ ಮಾಡಿದ್ದಾರೆ. ಯಾರೂ ಮೋಸ ಮಾಡಿಲ್ಲ ಎಂದಾದರೆ ನಾನು ಕುರುಡಿ. ಎರಡರಲ್ಲಿ ಯಾವುದು ಇರಲಿ ಎಂದು ಆಶಿಸಬೇಕೋ ತಿಳಿಯದೆ ಚಹಾ ಮಾಡಿಕೊಂಡೆ, ಕುಡಿಯಲಿಲ್ಲ.

ಆಮೇಲೆ ಸ್ಕ್ರೂಗಳು ನೆನಪಾದವು. ಬಿಚ್ಚುವಾಗ ಕಣ್ಣು ನೋಡಿತ್ತು, ತಲೆ ಗಮನಿಸಿರಲಿಲ್ಲ. ನನ್ನ ಅಭ್ಯಾಸ ನಿನಗೆ ಗೊತ್ತು: ಬಿಗಿದು ಮುಗಿಸಿದಾಗ ನಾಲ್ಕರ ತಲೆಯ ಗೀಟುಗಳೂ ಕೂಡಿಸುವ ಚಿಹ್ನೆಯಂತೆ ನೆಟ್ಟಗೆ ನಿಂತಿರಬೇಕು. ಕೂಡೋದು ಬಿಟ್ಟು ಬೇರೆ ಲೆಕ್ಕವೇ ಬರಲ್ವಾ ನಿಂಗೆ ಅಂತ ಆಡಿಕೊಳ್ಳುತ್ತಿದ್ದೆಯಲ್ಲ. ಡಾಕ್ಟರ ಗಿಟಾರಿನಲ್ಲಿ ಮೂರು ನೆಟ್ಟಗಿದ್ದವು. ನಾಲ್ಕನೆಯದು ಓರೆ, ಗುಣಿಸುವ ಚಿಹ್ನೆ. ಸುಮ್ಮನೆ ಯಾರೋ ರಿಪೇರಿಯವರು ಬಿಚ್ಚಿದ್ದರೆ ನಾಲ್ಕೂ ನಾಲ್ಕು ದಿಕ್ಕಿಗೆ ಇರುತ್ತಿದ್ದವು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ತಂತಿ ಬದಲಾಯಿಸಿದ್ದು ಬಿಟ್ಟರೆ ಏನೂ ಮುಟ್ಟಿಲ್ಲ, ನನ್ನ ಹೆಂಡ್ತಿಗೂ ಮುಟ್ಟೋಕೆ ಬಿಟ್ಟಿಲ್ಲ ಅಂದರು. ನನ್ನ ಅಭ್ಯಾಸ ಗೊತ್ತಿದ್ದು, ಅದನ್ನು ಅನುಕರಿಸಲು ಹೊರಟು, ಕೊನೆಯದರಲ್ಲಿ ತಾಳ್ಮೆ ತಪ್ಪುವವನು ಲೋಕದಲ್ಲಿ ಒಬ್ಬನೇ.

ಆಗ ಬಂದ ಸಿಟ್ಟನ್ನು ಬರೆಯುವುದಿಲ್ಲ. ಒಂದು ಮಾತು ಮಾತ್ರ. ನೀನು ಹೊರಟುಹೋದ ದಿನ ಹೇಳಿದ್ದು ನೆನಪಾಯಿತು. ಗಂಡನ ಗಿಟಾರ್ ಮಾರಲು ನಮ್ಮನ್ನು ಕರೆಸಿದ್ದ ಆ ವಾದ್ಯಗಾರರ ಹೆಂಡತಿಯ ಮನೆಯಲ್ಲಿ ನೀನು, ಇದು ಅಪ್ಪಟ, ನೋಡೋದೇ ಬೇಡ ಎಂದು ಮಾತು ಕೊಟ್ಟ ಮೇಲೂ ನಾನು ಅವರೆದುರಿಗೇ ಸ್ಕ್ರೂಡ್ರೈವರ್ ತೆಗೆದಿದ್ದೆ. ಅದು ಅಪ್ಪಟವೇ ಆಗಿತ್ತು. ಮನೆಗೆ ಬಂದು, ನನ್ನ ಮಾತನ್ನೂ ನೀನು ಬಿಚ್ಚಿ ನೋಡ್ದೆ ಇಟ್ಕೊಳ್ಳಲ್ಲ ಅಂದೆ. ಎರಡು ವರ್ಷ ಅದಕ್ಕೆ ಉತ್ತರ ಹುಡುಕುತ್ತಿದ್ದೆ. ಸೋಮವಾರ ಸಿಕ್ಕಿತು ಅನ್ನಿಸಿತು: ಬಿಚ್ಚಿ ನೋಡಿದ್ದೇ ಸರಿ, ಇನ್ನೂ ಬೇಗ ನೋಡಬೇಕಿತ್ತು.

ಅಂಗಡಿಯ ಬಾಗಿಲೆಳೆದು ಮೇಲೆ ಮನೆಗೆ ಹೋದೆ. ಅತ್ತೆ ಬಟಾಣಿ ಸುಲಿಯುತ್ತಿದ್ದರು. ನಿಮ್ಮ ಮಗನ ಘನಕಾರ್ಯ ಕೇಳಿ ಎಂದು ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು. ಕೊನೆಗೆ, ಹೌದಲ್ಲ, ಅವತ್ತು ಊಟದ ಮೇಜಿನ ಮೇಲೆ ಎರಡೂ ಅಂಗಾತ ಮಲಗಿದ್ವು, ಬಟಾಣಿ ಸುಲಿಯೋಕೂ ಜಾಗ ಇರ್ಲಿಲ್ಲ ಅಂದರು. ಯಾವ ಎರಡು ಅಂದೆ. ಕೆಂಪುದು ಒಂದು, ಅದೊಂದು ಎಂದು ಬಟಾಣಿ ಹಿಡಿದ ಕೈಯಿಂದಲೇ ಗೋಡೆಯ ಕಡೆ ತೋರಿಸಿದರು.

ಗೋಡೆಯ ಮೇಲೆ ಗುಜರಿ ಇತ್ತು.

ಡಾಕ್ಟರಿಗೆ ಆ ಕೆಂಪುದನ್ನು ಮಾರಿದ ವಾರವೇ ನೀನು ನನಗೆ ಜೋಡಿಸಿ ಕೊಟ್ಟ ಗಿಟಾರ್. ಒಂದರ ಮೈ, ಇನ್ನೊಂದರ ಕತ್ತು, ಮತ್ತೊಂದರ ಗುಂಡಿ. ಮಾರಿದ್ರೆ ಮೂರು ಕಾಸೂ ಬರಲ್ಲ, ಗುಜರಿ, ಇಟ್ಕೋ, ಯಾರಿಗೂ ಕೊಡ್ಬೇಡ ಅಂದಿದ್ದೆ. ಹೆಸರು ಅದೇ ನಿಂತಿತು. ಅಂದಿನಿಂದ ದಿನವೂ ನಾನು ನುಡಿಸಿದ್ದು ಅದನ್ನೇ. ಕೈಗೆ ಅದು ಒಗ್ಗಿದ ರೀತಿಗೆ ಮೊದಲ ದಿನವೇ ಆಶ್ಚರ್ಯಪಟ್ಟಿದ್ದೆ. ಆ ಕೆಂಪುದರ ಹಾಗೇ ಇದೆಯಲ್ಲ ಎಂದಾಗ ನೀನು, ಅದೇ ಥರದ್ದು ಹುಡುಕಿ ಹಾಕಿದ್ದೀನಿ ಅಂದೆ. ನಾನು ನಂಬಿದೆ. ನೀನು ಈಗ ನಗಬಹುದು. ಊರ ಗಿಟಾರ್‌ಗಳನ್ನೆಲ್ಲ ಬಿಚ್ಚಿ ನೋಡಿದವಳು ಇದೊಂದನ್ನು ಬಿಚ್ಚಲಿಲ್ಲ. ಗುಜರಿಯಲ್ಲಿ ನೋಡುವುದೇನಿದೆ ಎಂದೋ, ಉಡುಗೊರೆಯನ್ನು ಪರೀಕ್ಷಿಸಬಾರದು ಎಂದೋ, ಈಗ ಹೇಳಲಾರೆ.

ಕೆಳಗಿಳಿಸಿ ಬಟಾಣಿಯ ಪಕ್ಕದಲ್ಲೇ ಮಲಗಿಸಿದೆ. ಬೆನ್ನಿನ ಸ್ಕ್ರೂಗಳು ನಾಲ್ಕೂ ನೆಟ್ಟಗಿದ್ದವು, ನಾನೇ ಬಿಗಿದ ಹಾಗೆ. ಎತ್ತಿದೆ. ಬೆಕ್ಕು ಮಲಗಿತ್ತು.

ಅತ್ತೆ ಕನ್ನಡಕ ಏರಿಸಿ ನೋಡಿ, ಬೆಕ್ಕಲ್ಲ ಅದು, ಬಸವನಹುಳು ಅಂದರು. ಆಮೇಲೆ ತಮ್ಮಷ್ಟಕ್ಕೇ ಎಂಬಂತೆ, ಅವಳ ಕೈ ಚಿಕ್ಕದು, ಈ ಕತ್ತು ಬಿಟ್ರೆ ಬೇರೆದು ಅವಳಿಗೆ ಹಿಡಿಯೋಕಾಗಲ್ಲಮ್ಮ ಅಂತ ಅವತ್ತು ಅಂದಿದ್ದ ಅಂದರು. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. ನೀನು ಕೇಳಿದ್ರೆ ತಾನೆ, ನೀನು ಗಿಟಾರ್‌ಗಳನ್ನಷ್ಟೇ ಕೇಳೋದು ಅಂದರು.

ಅಂದು ಆ ಕೆಂಪು ಗಿಟಾರಿನ ಪರೀಕ್ಷೆ ಮುಗಿಸಿ ಅದನ್ನು ಪೆಟ್ಟಿಗೆಗೆ ಇಡುವ ಮೊದಲು ನಾನು ಸ್ವಲ್ಪ ಹೊತ್ತು ನುಡಿಸಿದ್ದು ನಿಜ. ಇದರ ಕತ್ತು ನನಗೆಂದೇ ಕೆತ್ತಿದ ಹಾಗಿದೆ ಎಂದದ್ದೂ ನಿಜ. ಅದನ್ನು ಯಾರಿಗೂ ಹೇಳಿರಲಿಲ್ಲ, ಗಿಟಾರಿಗೆ ಹೇಳಿದ್ದೆ. ನೀನು ಹಿಂದಿನ ಕೋಣೆಯಲ್ಲಿ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದೆ. ಕಿವಿ ನನ್ನ ಕಡೆ ಇತ್ತೆಂದು ನನಗೆ ತಿಳಿಯಲಿಲ್ಲ.

ಈಗ ಹೇಳು, ಇದನ್ನು ನಾನು ಏನೆಂದು ಕರೆಯಲಿ? ಒಂದು ಕಡೆಯಿಂದ ನೋಡಿದರೆ ಹೆಂಡತಿಯ ಚಿಕ್ಕ ಕೈಗಾಗಿ ಗಂಡ ಮಾಡಿದ ಕೆಲಸ. ಇನ್ನೊಂದು ಕಡೆಯಿಂದ, ನಮ್ಮನ್ನು ನಂಬಿದ ಮನುಷ್ಯನಿಗೆ ಮಾಡಿದ ಕಳ್ಳತನ, ಅದೂ ನನ್ನ ಮಾತನ್ನು ಮುಂದಿಟ್ಟುಕೊಂಡು. ಬೆಳಿಗ್ಗೆ ಎದ್ದಾಗ ಮೊದಲನೆಯದು ನಿಜ ಅನ್ನಿಸುತ್ತದೆ. ಮೆಟ್ಟಿಲಿಳಿದು ಅಂಗಡಿಗೆ ಬಂದು ಆ ಕೆಂಪು ಮೈಯನ್ನು ನೋಡಿದರೆ ಎರಡನೆಯದು. ಊಟಕ್ಕೆ ಮೇಲೆ ಹೋದರೆ ಮತ್ತೆ ಮೊದಲನೆಯದು. ಒಂದೇ ಗಿಟಾರಿಗೆ ಎರಡು ಹುಟ್ಟು ಇದ್ದರೆ ನಾನು ಬೇರೆ ಮಾಡಬಲ್ಲೆ. ಒಂದೇ ಕೆಲಸಕ್ಕೆ ಎರಡು ಇದ್ದರೆ ಎಲ್ಲಿಂದ ಬಿಚ್ಚಬೇಕೋ ಗೊತ್ತಾಗುತ್ತಿಲ್ಲ.

ಇನ್ನೂ ಒಂದು ತೊಡಕು. ಆ ಬೆಕ್ಕಿನ ಕತ್ತು ಈಗ ಒಂಬತ್ತು ವರ್ಷದ ಹಿಂದೆ ಇದ್ದಂತಿಲ್ಲ. ಮೊದಲ ಮೂರು ಫ್ರೆಟ್‌ಗಳು ನಾನು ತಂತಿ ಒತ್ತಿದ ಕಡೆ ತಗ್ಗಿವೆ. ಹಿಂಭಾಗದ ಮೆರುಗು ನನ್ನ ಹೆಬ್ಬೆರಳು ಕೂರುವಲ್ಲಿ ಹೋಗಿದೆ. ನಾಳೆ ಯಾರಾದರೂ ಅದನ್ನು ಪರೀಕ್ಷಿಸಿದರೆ, ಹುಟ್ಟಿನಿಂದ ಕೆಂಪು ಮೈಯದು, ಸವೆತದಿಂದ ಇನ್ಯಾರದೋ ಎಂದು ಬರೆಯಬೇಕಾಗುತ್ತದೆ. ನಾನಾದರೂ ಹಾಗೇ ಬರೆಯುತ್ತೇನೆ.

ಕತ್ತನ್ನು ಹಿಂದಿರುಗಿಸಿದರೆ ನನಗೆ ನುಡಿಸಲು ಏನೂ ಉಳಿಯುವುದಿಲ್ಲ. ಇಟ್ಟುಕೊಂಡರೆ ಶನಿವಾರ ಆ ತಜ್ಞರು ಶಾಯಿಯ ಮುದ್ರೆ ನೋಡುತ್ತಾರೆ, ಆಮೇಲೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಮಾತಿಗಿಂತ ಹೆಚ್ಚಿನದೇನೂ ಈ ಅಂಗಡಿಯಲ್ಲಿಲ್ಲ, ಅದು ನಿನಗೂ ಗೊತ್ತು. ಗೊತ್ತಿದ್ದೂ ಮಾಡಿದೆಯಲ್ಲ, ಅದೇ ನನಗೆ ಹಿಡಿತಕ್ಕೆ ಸಿಗದಿರುವುದು.

ಆದ್ದರಿಂದ ಪ್ರಶ್ನೆ ಒಂದೇ. ಗುಜರಿಯ ನಾಲ್ಕೂ ಸ್ಕ್ರೂಗಳನ್ನು ಅಷ್ಟು ಜೋಪಾನವಾಗಿ ನೆಟ್ಟಗೆ ನಿಲ್ಲಿಸಿದವನು ಕೆಂಪುದರ ನಾಲ್ಕನೆಯದನ್ನು ಯಾಕೆ ಓರೆ ಬಿಟ್ಟೆ? ಅವಸರವೇ? ಅಥವಾ ಎಂದಾದರೂ ಅದು ನನ್ನ ಮೇಜಿಗೆ ಬಂದರೆ ನನ್ನ ಕಣ್ಣಿಗೆ ಬೀಳಲಿ ಎಂದು ಬೇಕೆಂದೇ ಬಿಟ್ಟೆಯಾ? ಅವಸರವಾಗಿದ್ದರೆ ನೀನು ಅಡಗಿಸಿದೆ. ಬೇಕೆಂದೇ ಆಗಿದ್ದರೆ ನೀನು ಹೇಳಿದೆ, ನನ್ನ ಭಾಷೆಯಲ್ಲೇ, ನಾನು ಓದಿದ್ದು ತಡವಾಗಿ. ಬಿಚ್ಚಿ ನೋಡಿ ತಿಳಿಯುವ ದಾರಿ ಇದಕ್ಕಿಲ್ಲ. ನೀನು ಹೇಳಿದ್ದನ್ನು ನಂಬುವೆ ಎಂದು ಮಾತ್ರ ಹೇಳಬಲ್ಲೆ.

ಶನಿವಾರದೊಳಗೆ ಬರೆ.

ಇಂತಿ,
ಇನ್‌ಸ್ಪೆಕ್ಟರ್

ಮೇಲೆ ಬರೆಯದೆ ಬಿಟ್ಟದ್ದು: ಶನಿವಾರದ ಗಡುವು ನಿನಗೆ ಮಾತ್ರ, ಗಡುವಿಲ್ಲದೆ ನೀನು ಪೆನ್ನು ಹಿಡಿಯುವವನಲ್ಲ. ಡಾಕ್ಟರು ಇವತ್ತು ಬೆಳಿಗ್ಗೆಯೇ ಬಂದು ಹೋದರು. ಅವರೆದುರಿಗೇ ಎರಡನ್ನೂ ಬಿಚ್ಚಿ ಕತ್ತು ಬದಲಾಯಿಸಿದೆ. ಜೋಡಿಸುವಾಗ ಅದಲುಬದಲಾಗಿತ್ತು, ತಪ್ಪು ಅಂಗಡಿಯದು, ಕೊಳ್ಳುವವರಿಗೂ ಇದನ್ನೇ ಹೇಳಿ ಅಂದೆ. ಅಂಗಡಿ ಅಂದರೆ ನಾವಿಬ್ಬರೂ ತಾನೆ. ಅವರು, ಇಷ್ಟು ವರ್ಷ ನನ್ನ ಬಾಯಲ್ಲಿ ಬೇರೆಯವರ ಹಲ್ಲು ಇತ್ತು ಅನ್ನಿ ಅಂದರು. ಆಮೇಲೆ ಫ್ರೆಟ್‌ಗಳ ಮೇಲೆ ಉಗುರಾಡಿಸಿ, ಯಾರೋ ಚೆನ್ನಾಗಿ ನುಡಿಸಿದ್ದಾರೆ ಅಂದರು. ಹೌದು, ಯಾರೋ ಅಂದೆ. ಗುಜರಿಯನ್ನು ಮತ್ತೆ ಗೋಡೆಗೆ ಹಾಕಿದ್ದೇನೆ, ಹಿಡಿಯಲಾಗದ ಕತ್ತಿನ ಸಮೇತ, ಬೆನ್ನು ಹೊರಕ್ಕೆ ಮಾಡಿ. ಸ್ಕ್ರೂ ಬಿಗಿಯುವಾಗ ಮೂರನ್ನು ನೆಟ್ಟಗೆ ನಿಲ್ಲಿಸಿದೆ. ನಾಲ್ಕನೆಯದನ್ನು ಓರೆಯಾಗಿಯೇ ಬಿಟ್ಟಿದ್ದೇನೆ. ಬಂದರೆ ಬಾಗಿಲಿನಿಂದಲೇ ಕಾಣುತ್ತದೆ, ಬಿಚ್ಚಬೇಕಾಗಿಲ್ಲ.