ಅಮ್ಮನ ಅಳತೆಯ ವೆಟ್‌ಸೂಟು

ಮನೆ, ಹೊಲಿಗೆ ಕೋಣೆ
ಜನವರಿ ೧೭, ಸೋಮವಾರ

ಪ್ರೀತಿಯ ಚುಕ್ಕಿ,

ಹೇಗಿದ್ದೀಯ ಮಗಳೇ? ಕೆಮ್ಮು ನಿಜವಾಗಿಯೂ ಹೋಯಿತೇ, ಇಲ್ಲ ನನ್ನ ಸಮಾಧಾನಕ್ಕೆ ಫೋನಿನಲ್ಲಿ ಹೋಯಿತು ಎಂದೆಯೋ? ದಿನವಿಡೀ ಪ್ರಯೋಗಾಲಯದ ಏಸಿ ಕೆಳಗೆ ಕೂರುವವಳು ಕುತ್ತಿಗೆಗೆ ಒಂದು ಬಟ್ಟೆ ಸುತ್ತಿಕೊಂಡರೆ ಯಾರೂ ನಗುವುದಿಲ್ಲ. ನಾನು ಆರಾಮ. ನಿಮ್ಮಪ್ಪನೂ ಆರಾಮ, ನೀನು ಕೇಳದಿದ್ದರೂ ಹೇಳುತ್ತಿದ್ದೇನೆ. ಊರಲ್ಲಿ ಎಲ್ಲಿ ಲಿಫ್ಟು ಕೆಟ್ಟರೂ ಈಗಲೂ ಅವರಿಗೇ ಕರೆ ಬರುತ್ತದೆ, ಗೊಣಗಿಕೊಂಡೇ ಹೋಗುತ್ತಾರೆ. ಈ ವಿಷಯ ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕಿ ಕೆಡಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನೂ ನಿಮ್ಮಪ್ಪನೂ ನೀರಿಗಿಳಿಯುವಾಗ ಹಾಕುತ್ತಿದ್ದಿರಲ್ಲ, ಅಂಥದೇ ರಬ್ಬರಿನ ವೆಟ್‌ಸೂಟೊಂದನ್ನು ನಾನೂ ಕೊಂಡಿದ್ದೇನೆ. ನಗು ಬಂದರೆ ನಕ್ಕು ಮುಗಿಸಿ ಮುಂದಕ್ಕೆ ಓದು. ಬೇಸಿಗೆಯಿಂದ ಸಂಜೆ ಹೊತ್ತು ವಾಕಿಂಗಿಗೆ ಹೋಗುತ್ತಿದ್ದೇನೆ ಎಂದಿದ್ದೆನಲ್ಲ, ಅದು ವಾಕಿಂಗಲ್ಲ. ಈಜುಕೊಳದಲ್ಲಿ, ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿಯುತ್ತಿದ್ದೆ. ತರಗತಿಯಲ್ಲಿದ್ದವರೆಲ್ಲ ನಿನಗಿಂತ ಚಿಕ್ಕವರು. ಮೊದಲ ವಾರ ನನ್ನನ್ನು ಯಾರದೋ ತಾಯಿ, ಕಾಯಲು ಬಂದಿದ್ದಾರೆ ಎಂದುಕೊಂಡಿದ್ದರು. ಡಾಕ್ಟರು ಎದೆ, ಕಿವಿ ಎಲ್ಲ ನೋಡಿ ಸರಿ ಎಂದಿದ್ದಾರೆ, ಪರೀಕ್ಷೆಯೂ ಪಾಸಾಗಿದೆ. ಈ ಐವತ್ತನಾಲ್ಕರಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ.

ಅಪ್ಪನ ಮೇಲೆ ಮುನಿದು ನೀನು ಮನೆ ಬಿಟ್ಟು ಹೋದ ಮೇಲೂ ನಿಮ್ಮಪ್ಪ, ನೀರು ತುಂಬಿದ ಆ ಹಳೇ ಕಲ್ಲಿನ ಕ್ವಾರಿಗೆ ಮುಳುಗಲು ಹೋಗುವುದನ್ನು ಬಿಡಲಿಲ್ಲ. ಗೆಳೆಯರ ಜೊತೆ ಇಳಿಯುತ್ತೇನೆ ಎನ್ನುತ್ತಿದ್ದರು, ನಾನೂ ನಂಬಿದ್ದೆ. ಒಂದು ದಿನ ಅವರು ಮರೆತು ಹೋದ ಕನ್ನಡಕ ಕೊಡಲು ಹೋದರೆ, ಕ್ವಾರಿಯ ಕಾವಲುಗಾರ ದಡದ ಕಲ್ಲಿನ ಮೇಲೆ ಕೂತು ನೀರನ್ನೇ ನೋಡುತ್ತಿದ್ದ. "ಸಾಹೇಬ್ರು ಒಬ್ರೇ ಇಳೀತಾರಮ್ಮಾ. ನಾನು ಗುಳ್ಳೆ ಬರೋದು ನೋಡ್ತಾ ಕೂತಿರ್ತೀನಿ. ಗುಳ್ಳೆ ನಿಂತ್ರೆ ಏನು ಮಾಡ್ಬೇಕು ಅಂತ ಅವ್ರೂ ಹೇಳಿಲ್ಲ, ನಂಗೂ ಗೊತ್ತಿಲ್ಲ," ಎಂದ. ನಾನೂ ಅವನ ಪಕ್ಕ ಕೂತು ಗುಳ್ಳೆ ನೋಡತೊಡಗಿದೆ. ಜೋಡಿ ಇಲ್ಲದೆ ನೀರಿಗೆ ಇಳಿಯಬಾರದು ಎಂದು ನಿನಗೆ ಪಾಠ ಹೇಳಿದ ಮನುಷ್ಯ ಇವರೇ ತಾನೇ? ಮೇಲೆ ಬಂದ ಮೇಲೆ ಕೇಳಿದೆ. "ಜೋಡಿ ಬಿಟ್ಟುಹೋದ್ಲು. ನಾನೇನು ಮಾಡ್ಲಿ?" ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನೂಲಿನಂತೆ ಸೀರೆ ಎನ್ನುತ್ತಾರೆ. ಹಠದ ಮಟ್ಟಿಗೆ ನೀನು ಅಪ್ಪನ ನೂಲು. ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಅಳುವುದರಿಂದ, ಬೇಡಿಕೊಳ್ಳುವುದರಿಂದ ಅವರು ನಿಲ್ಲುವುದಿಲ್ಲ ಎಂದು ನನಗೆ ಗೊತ್ತು. ಹಾಗಾದರೆ ಜೋಡಿ ನಾನೇ ಆಗುತ್ತೇನೆ ಎಂದು ಅವತ್ತೇ ತೀರ್ಮಾನ ಮಾಡಿದೆ.

ಕಲಿಯುವಾಗ ಬಾಡಿಗೆ ಸೂಟು ಸಾಕಾಗಿತ್ತು. ಚಳಿಗಾಲದ ಕ್ವಾರಿಯ ನೀರಿಗೆ ಅದು ತಡೆಯುವುದಿಲ್ಲ. ಡೈವಿಂಗ್ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನಿಗೆ ನಮ್ಮ ಮನೆಯವರೆಲ್ಲ ಗೊತ್ತಲ್ಲ, "ಮಗಳ ಸೂಟು ಮನೇಲೇ ಇದೆಯಲ್ಲಮ್ಮಾ, ನಿಮಗೂ ಅದೇ ಅಳತೆ," ಎಂದ. ಅದು ಆಗಲ್ಲ ಎಂದೆ. ಅವನು ಮತ್ತೆ ಕೇಳಲಿಲ್ಲ. ಒಳ್ಳೆಯವನು, ದುಬಾರಿಯದನ್ನು ತಲೆಗೆ ಕಟ್ಟಲಿಲ್ಲ. "ವರ್ಷಕ್ಕೆ ನಾಲ್ಕೈದು ಸಲ ಇಳಿಯೋರಿಗೆ ದೊಡ್ಡ ಹೆಸರಿನ ಮಾಲು ಯಾಕೆ? ಮೈಗೆ ಅಂಟಿ ಕೂರ್ಬೇಕು, ಅಷ್ಟೇ. ಉಳಿದ ದುಡ್ಡಲ್ಲಿ ಟೋಪಿ, ಗ್ಲೌಸು, ಬೂಟು ಹೊಸದು ತಗೊಳ್ಳಿ, ಚಳಿ ಮೊದ್ಲು ಅಲ್ಲೇ ಹಿಡಿಯೋದು," ಎಂದ. ಹಾಸಿಗೆ ಇದ್ದಷ್ಟು ಕಾಲು ಚಾಚುವವಳು ನಾನು, ಮಾತು ಹಿಡಿಸಿತು. ಒಳಗಿನಿಂದ ಯಾರೋ ಹಾಕಿ ಬಿಟ್ಟ ಏಳು ಮಿಲಿಮೀಟರು ದಪ್ಪದ ಸೂಟೊಂದನ್ನು ತಂದ. ಮೊಣಕಾಲು, ಮೊಣಕೈ ಮಡಚಿ ರಬ್ಬರು ಬಿರಿದಿದೆಯೇ ನೋಡಿದೆ, ಜಿಪ್ಪು ನಾಲ್ಕು ಸಲ ಎಳೆದು ನೋಡಿದೆ. ಎಲ್ಲ ಗಟ್ಟಿ. ಆದರೆ ಸೊಂಟ, ಬೆನ್ನು ಸಡಿಲ. "ಇದು ನಿಮಗೆ ಲೂಸಾಗತ್ತೆ, ಬೇಡ," ಎಂದು ಅವನೇ ಹೇಳಿದ. ನಾನು ಟೈಲರ್ ಕಣಪ್ಪಾ, ಅಳತೆಗೆ ಹಿಡಿದು ಹೊಲಿದುಕೊಳ್ಳುತ್ತೇನೆ ಎಂದು ಜಂಬದಿಂದ ಕಟ್ಟಿಸಿಕೊಂಡು ಬಂದೆ.

ಜಂಬ ಎಲ್ಲಿ ಇಳಿಯಿತು ಗೊತ್ತೇ? ಸಡಿಲ ಹಿಡಿಯಲು ಬೆನ್ನಿಗೆ ಎರಡು ಟಕ್ಸು, ಸೊಂಟಕ್ಕೆ ಎರಡು, ಮಷೀನಿನಲ್ಲಿ ಡಬಲ್ ಹೊಲಿಗೆ ಹಾಕಿದೆ. ರವಿಕೆಯಾಗಿದ್ದರೆ ಗಿರಾಕಿ ಇನ್ನೆರಡು ಹೊಲಿಸುತ್ತಿದ್ದಳು, ಅಷ್ಟು ಚೆನ್ನಾಗಿ ಕೂತಿತ್ತು. ಕ್ವಾರಿಯ ಅಂಚಿನಲ್ಲಿ ಎದೆಮಟ್ಟ ನೀರಿಗೆ ನಿಂತೆ ನೋಡು, ಸೂಜಿ ಹೊಕ್ಕಲ್ಲೆಲ್ಲ ಮಂಜಿನಂಥ ನೀರು ಒಳಗೆ! ಬಟ್ಟೆಗೆ ತೂತು ಬಿದ್ದರೆ ದಾರ ಮುಚ್ಚುತ್ತದೆ, ರಬ್ಬರಿಗೆ ಬಿದ್ದರೆ ಬಿದ್ದಂತೆಯೇ ಎಂದು ಇಷ್ಟು ವರ್ಷ ಹೊಲಿದವಳಿಗೆ ಹೊಳೆಯಲಿಲ್ಲ. ಬೆನ್ನಹುರಿಯ ಉದ್ದಕ್ಕೂ ನಲ್ಲಿ ಬಿಟ್ಟಂತಾಗಿ ಕಿರುಚಿಕೊಂಡು ದಡಕ್ಕೆ ಓಡಿದೆ. ನಿಮ್ಮಪ್ಪ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜರಡಿ ಚೆನ್ನಾಗಿ ಹೊಲಿದಿದ್ದೀಯ," ಎಂದರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು! ಸಿಟ್ಟು ಬಂದರೂ ಒಳಗೊಳಗೇ ಖುಷಿಯಾಯಿತು. "ಸಾಕು ಬಿಡು, ನಾನು ಇಳಿಯೋದು ಬಿಟ್ಟೆ ಅನ್ಕೋ, ನೀನೂ ಬಿಡು," ಎಂದರು. ಬಿಡಬೇಕು ಎಂದು ನನಗೆ ಅನ್ನಿಸಲಿಲ್ಲ, ಅವರು ಬಿಡುತ್ತಾರೆ ಎಂದು ನಂಬಿಕೆಯೂ ಬರಲಿಲ್ಲ.

ಮನೆಗೆ ಬಂದು ಹೊಲಿಗೆಯೆಲ್ಲ ಬಿಚ್ಚಿದೆ. ತೂತು ಬಿದ್ದ ಪಟ್ಟಿಯನ್ನೇ ಕತ್ತರಿಸಿ ತೆಗೆದೆ. ಅಂಗಡಿಯವನಿಂದ ಕರಿ ಅಂಟಿನ ಡಬ್ಬಿ ತಂದು, ಅಂಚಿಗೆ ಅಂಚು ಕೂರಿಸಿ ಅಂಟಿಸಿ, ಒಣಗಿದ ಮೇಲೆ ಕೈಹೊಲಿಗೆ ಹಾಕಿದೆ. ಸೂಜಿ ಅರ್ಧ ದಪ್ಪಕ್ಕೆ ಹೋಗಿ ಹಾಗೇ ವಾಪಸು ಬರಬೇಕು, ಆಚೆ ಬದಿ ಕಾಣಬಾರದು. ಬೆರಳೆಲ್ಲ ಚುಚ್ಚಿಹೋಯಿತು. ನಡುವೆ ಎರಡು ಸಲ ತಪ್ಪಿ ಮತ್ತೆ ಬಿಚ್ಚಿದೆ. ಎಲ್ಲ ಬಟ್ಟೆಗೂ ಉಸಿರಾಡಲು ಒಂದಿಷ್ಟು ಜಾಗ ಬಿಟ್ಟು ಹೊಲಿಯುವುದು ನನ್ನ ಕೈಯ ಅಭ್ಯಾಸ. ಈ ಸೂಟಿಗೆ ಅದು ಆಗುವುದಿಲ್ಲ, ಜಾಗ ಬಿಟ್ಟಲ್ಲಿ ತಣ್ಣೀರು ಬಂದು ಕೂರುತ್ತದೆ.

ನಿನ್ನೆ ಇಳಿದೆವು. "ನಿಮ್ಮ ಜೋಡಿ ನಾನು, ಬೇಡ ಅಂದ್ರೆ ಇಬ್ರೂ ದಡದಲ್ಲೇ ಕೂತು ಚಹಾ ಕುಡಿಯೋಣ," ಎಂದೆ. ಅವರು ನನ್ನ ಸಿಲಿಂಡರಿನ ಪಟ್ಟಿ ಬಿಗಿದರು. ಸೂಟು ಒಂದು ಹನಿಯೂ ಹೆಚ್ಚು ಒಳಗೆ ಬಿಡಲಿಲ್ಲ, ಬರೆದಿಟ್ಟುಕೋ! ಆದರೆ ಸ್ವಲ್ಪ ಆಳಕ್ಕೆ ಹೋದ ಮೇಲೆ ನೀರು ಗೆರೆ ಎಳೆದಂತೆ ಒಮ್ಮೆಲೇ ಇನ್ನೂ ತಣ್ಣಗಾಗುತ್ತದಲ್ಲ, ಅಲ್ಲಿ ನನ್ನ ಮುಖಕ್ಕೆ ಚಳಿ ಹೊಡೆದು ಉಸಿರು ಕಟ್ಟಿತು. ಎಲ್ಲ ಬಿಟ್ಟು ಮೇಲಕ್ಕೆ ಹಾರಬೇಕು ಎನ್ನಿಸಿತು. ನೀವಿಬ್ಬರೂ ಕೊನೆಯ ಸಲ ಇಳಿದ ಅವತ್ತು ನೀನು ಅವರನ್ನು ಕೆಳಗೇ ಬಿಟ್ಟು ಮೇಲೆ ಬಂದೆಯಲ್ಲ, ಅದು ಯಾಕೆಂದು ಆಗ ಗೊತ್ತಾಯಿತು ಮಗಳೇ. ಅವತ್ತು ದಡದಲ್ಲಿ ಚಹಾದ ಫ್ಲಾಸ್ಕು ಹಿಡಿದು ಕೂತಿದ್ದ ನನಗೆ ಅದು ಗೊತ್ತಾಗುವ ಹಾಗಿರಲಿಲ್ಲ. ನಿಮ್ಮಪ್ಪ ನನ್ನ ಎರಡೂ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ನನ್ನ ಉಸಿರು ನಿಧಾನವಾಗುವವರೆಗೂ ಅಲ್ಲಾಡದೆ ನಿಂತರು. ಆಮೇಲೆ ಇಬ್ಬರೂ ಮೆಲ್ಲಗೆ ಮೇಲೆ ಬಂದೆವು.

ಕಾರಿನಲ್ಲಿ ಬರುವಾಗ ನಿಮ್ಮಪ್ಪ, "ಅವಳಿಗೂ ಹೀಗೇ ಆಗಿತ್ತೇನೋ. ಎಲ್ರ ಮುಂದೆ, ನಿನ್ನನ್ನ ಜೋಡಿ ಅಂತ ನಂಬಿದ್ದೇ ತಪ್ಪು ಅಂದ್ಬಿಟ್ಟೆ," ಎಂದರು. ಅದನ್ನು ನನಗಲ್ಲ, ಅವಳಿಗೆ ಹೇಳಿ ಎಂದೆ. ಹೇಳುವುದು ಹೇಗೆಂದು ಗೊತ್ತಿಲ್ಲವಂತೆ. ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆ ಹೊರಗಿನಿಂದ ಎಷ್ಟು ಚೆನ್ನಾಗಿ ಧೈರ್ಯ ಹೇಳುತ್ತಾರೆ, ಸ್ವಂತ ಮಗಳಿಗೆ ಹೇಳಲು ಮಾತಿಲ್ಲ. ಕ್ಷಮೆ ಕೇಳುವುದು ಅವರ ಕೆಲಸ, ಅವರ ಪರವಾಗಿ ನಾನು ಕೇಳುವುದಿಲ್ಲ. ನಡೆದದ್ದನ್ನು ಮಾತ್ರ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನ ಗೆಳತಿಯನ್ನು ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ನಿನ್ನ,
ಅಮ್ಮ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ನಿನ್ನ ಸೂಟು ಇನ್ನು ನಿನಗೆ ಬೇಡ, ಯಾರಾದರೂ ಹಾಕಿಕೊಳ್ಳಲಿ ಎಂದು ಹೋದ ತಿಂಗಳು ಹೇಳಿದ್ದೆಯಲ್ಲ, ನಾನೇ ಹಾಕಿ ನೋಡಿದ್ದೆ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬಿಚ್ಚಿ ಇದ್ದಲ್ಲೇ ತೂಗುಹಾಕಿದೆ. ಅದನ್ನು ನಾನು ಹಾಕಿಕೊಂಡರೆ ನೀನು ಬರುವುದಿಲ್ಲ ಎಂದು ನಾನೂ ಒಪ್ಪಿದಂತೆ ಆಗುತ್ತಿತ್ತು, ಅದಕ್ಕೇ ಬೇರೆ ಕೊಂಡೆ. ನಿನ್ನ ಸೂಟಿನ ಜಿಪ್ಪು ಬಿಗಿಯದಂತೆ ಯಾರೋ ಮೇಣ ಹಚ್ಚಿಡುತ್ತಿದ್ದಾರೆ, ನಾನಂತೂ ಅಲ್ಲ. ಇನ್ನೊಂದು, ನಿನ್ನೆ ನೀರಿನಲ್ಲಿ ನಾನು ಅವರ ಬಲಕ್ಕಿದ್ದೆ. ಅವರು ಮತ್ತೆ ಮತ್ತೆ ಎಡಕ್ಕೆ ತಿರುಗಿ ನೋಡುತ್ತಿದ್ದರು, ನೀನಿರುತ್ತಿದ್ದ ಕಡೆಗೆ. ಈಗ ಗೂಟದ ಮೇಲೆ ಮೂರು ಸೂಟು ಇವೆ. ಹೊರಗಿನ ಊಟದಲ್ಲಿ ನಿನ್ನ ಸೊಂಟದ ಅಳತೆ ಬದಲಾಗಿದ್ದರೆ ಬರೆದು ಕಳಿಸು. ಅಂಟು ಇನ್ನೂ ಅರ್ಧ ಡಬ್ಬಿ ಉಳಿದಿದೆ.