ಹಳೆಯ ಬ್ರೆಡ್ಡಿನ ಬಯಕೆ ಬುತ್ತಿ

ಮುದ್ದೇಬಿಹಾಳ
೨೧ ನವೆಂಬರ್ ೨೦೨೪, ಗುರುವಾರ ಮುಂಜಾನೆ

ಪ್ರೀತಿಯ ಮಗಳು ಕೋಮಲವ್ವಗೆ,

ಹೇಗಿದ್ದೀ ತಂಗಿ? ಕಾಲಿನ ಬಾವು ಇಳಿಯಿತೇ? ಕೂಸು ಚೆನ್ನಾಗಿ ಒದೆಯುತ್ತಿದೆಯೇ? ಎಡಮಗ್ಗುಲಾಗಿ ಮಲಗು ಎಂದು ಡಾಕ್ಟರಮ್ಮ ಹೇಳಿದ್ದನ್ನು ಕೇಳುತ್ತೀಯೋ, ಇಲ್ಲ ಸಣ್ಣಾಕೆಯಿದ್ದಾಗಿನ ಹಾಗೆ ಹಾಸಿಗೆ ತುಂಬ ಗಿರಕಿ ಹೊಡೆಯುತ್ತೀಯೋ? ಅಳಿಯ ಸುಭಾಸಪ್ಪ ಸಾಲೆಗೆ ಹೋಗುವ ಮುಂಚೆ ನಿನಗೆ ಹಾಲು ಕಾಸಿ ಕೊಡುತ್ತಾನೆ ಎಂದು ಕೇಳಿ ಸಂತೋಷವಾಯಿತು. ನನ್ನಂಥ ಬಸ್ ಡ್ರೈವರನನ್ನು ಕಟ್ಟಿಕೊಂಡ ನಿಮ್ಮವ್ವನಿಗೆ ಆ ಭಾಗ್ಯ ಇರಲಿಲ್ಲ. ಈ ಪತ್ರವನ್ನು ನಿಂತುಕೊಂಡು ಓದಬೇಡ. ಕುಳಿತುಕೋ, ಸುಭಾಸಪ್ಪನನ್ನು ಪಕ್ಕದಲ್ಲಿ ಕೂಡಿಸಿಕೋ, ಒಂದು ತಂಬಿಗೆ ನೀರು ಹತ್ತಿರ ಇಟ್ಟುಕೊಂಡು ಓದು. ಈ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ ಎಂದು ನಗಬಹುದು ನೀನು. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಒಂದೇ ಖೋಲಿಯ ಮನೆ, ನಿಮ್ಮವ್ವನ ಕಿವಿ ಇನ್ನೂ ಚುರುಕಾಗಿದೆ. ಹೊರಗೆ ಹೋಗಿ ಮಾತಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಮಳೆ ಬೆಳೆಯ ಮಾತೆತ್ತಿಬಿಡುತ್ತೇನೆ. ಹೋದ ವಾರ ನೀನು ಸಿಟ್ಟಿಗೆದ್ದು, "ಅವ್ವಗ ನನ್ನ ಜೋಡಿ ಮಾತಾಡಾಕ ವ್ಯಾಳೇನ ಇಲ್ಲೇನಪಾ? ನಾ ಏನ್ ಆಕಿ ಪಾಲಿಗಿ ಸತ್ತೇನೇನು?" ಎಂದು ಫೋನು ಇಟ್ಟುಬಿಟ್ಟೆ. ನಾನು ಬಯ್ಯಲಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನು ಇನ್ನೂ ಜೋರು ಮಾಡುತ್ತಿದ್ದೆ.

ನಿಮ್ಮವ್ವನಿಗೆ ಆಗಿದ್ದು ನಾವು ನಿನಗೆ ಹೇಳಿದಂತೆ ಹಲ್ಲಿನ ಆಪರೇಷನ್ ಅಲ್ಲ ತಂಗಿ. ಎಲೆ ಅಡಿಕೆಯ ಜೊತೆ ಅವಳು ದವಡೆಗೆ ಇಟ್ಟುಕೊಳ್ಳುತ್ತಿದ್ದ ತಂಬಾಕು ಅಲ್ಲೇ ಗಂಟಾಗಿತ್ತು. ವಿಜಯಪುರದಲ್ಲಿ ಎಡಗಡೆಯ ದವಡೆಯ ಎಲುಬನ್ನೇ ತೆಗೆದರು. ಬದುಕಿದಳು ಅಂದುಕೊಂಡೆವು. ದಸರೆಯ ಹೊತ್ತಿಗೆ ಕೊರಳಿನಲ್ಲಿ ಮತ್ತೆ ಬಂತು. ಈ ಸಲ ಡಾಕ್ಟರು ನನ್ನೊಬ್ಬನನ್ನೇ ಕರೆದು, "ಮನಿಗಿ ಕರ್ಕೊಂಡ್ ಹೋಗ್ರಿ, ಅವರಿಗಿ ಏನ್ ಬೇಕನಸ್ತೈತಿ ಅದನ್ನ ಮಾಡಿ ಕೊಡ್ರಿ" ಅಂದರು. ಅಕ್ಷರ ವಕ್ರ ಇದ್ದರೆ ಹೊಂದಿಸಿಕೊಂಡು ಓದು. ನಿನಗೆ ಹೇಳಲೇಬೇಕು ಎಂದು ನಾನು ಹಟ ಹಿಡಿದಾಗಲೆಲ್ಲ ಅವಳು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದಳು. ಬಸುರಿ ಹೆಂಗಸು ಚಂದದ್ದನ್ನು ನೋಡಬೇಕಂತೆ. ಇಂಥ ಮುಖ ಕಣ್ಣಿಗೆ ಬಿದ್ದರೆ ಹೊಟ್ಟೆಯೊಳಗಿನ ಕೂಸಿಗೆ ತಾಕುತ್ತದಂತೆ. "ಹಡದ್ ಮ್ಯಾಲ ಬರ್ಲಿ. ಅಲ್ಲೀತನ ನನ್ನ ಮಾರಿ ಆಕಿಗಿ ತೋರ್ಸಬ್ಯಾಡ್ರಿ, ಫೋನ್ಯಾಗೂ ಬ್ಯಾಡ." ಇದು ಅವಳ ಕಾನೂನು. ಮಾತು ಅರ್ಧಕ್ಕರ್ಧ ಬಾಯಲ್ಲೇ ಉಳಿಯುತ್ತದೆ, ನಿನಗೆ ಕೇಳಿಸಿದರೆ ಗುರುತು ಹತ್ತುತ್ತದೆ ಎಂದು ಫೋನಿಗೂ ಬರುತ್ತಿರಲಿಲ್ಲ. ನನಗೆ ಮಾತ್ರ ಎಲ್ಲ ತಿಳಿಯುತ್ತದೆ. ಹಳೆ ಗಾಡಿಯ ಇಂಜಿನ್ ಸದ್ದು ಅದರ ಡ್ರೈವರನಿಗೆ ತಿಳಿದ ಹಾಗೆ.

ನಮ್ಮ ಕಡೆಯ ಜನ ನಿನಗೆ ಗೊತ್ತಲ್ಲ, ಜಡ್ಡಾದವರನ್ನು ನೋಡಲು ಬರುವಾಗ ಬ್ರೆಡ್ಡು ಹಿಡಿದುಕೊಂಡೇ ಬರುತ್ತಾರೆ. ದೇವರ ಹಿಪ್ಪರಗಿಯ ನಿನ್ನ ಸೋದರಮಾವನಿಂದ ಹಿಡಿದು ಡಿಪೋದ ಮೆಕ್ಯಾನಿಕ್‌ವರೆಗೆ ಎಲ್ಲರ ಕೈಯಲ್ಲೂ ಒಂದೊಂದು ಬ್ರೆಡ್ಡಿನ ಪಾಕೀಟು. ಊರ ಅರ್ಧ ಮನೆಗಳಿಗೆ ಜೋಳದ ಕಡಕ್ ರೊಟ್ಟಿ ಬಡಿದು ಮಾರಿದ ನಿಮ್ಮವ್ವ ಆ ಪಾಕೀಟುಗಳ ಕಡೆ ಹೇಗೆ ನೋಡುತ್ತಿದ್ದಳೆಂದು ನೀನು ನೋಡಬೇಕಿತ್ತು. "ಹತ್ತಿ ತಿಂದಂಗ ಅಕ್ಕೈತಿ, ಇದೂ ಒಂದ್ ಊಟೇನು?" ಗೋಡೆಯಲ್ಲಿನ ಮಾಡಿನ ಗೂಡು ತುಂಬಿ, ಟಿವಿಯ ಮೇಲೂ ಬ್ರೆಡ್ಡು. ನಿನಗೆ ಟೈಫಾಯಿಡ್ ಬಂದಾಗಲೂ ಹೀಗೇ ಆಗಿತ್ತು, ನೆನಪಿದೆಯೇ? ಅನ್ನವನ್ನು ಚೆಲ್ಲಬಾರದು ಅನ್ನುವ ನಿಮ್ಮವ್ವ, ಒಣಗಿದ ಬ್ರೆಡ್ಡನ್ನು ಹಾಲು, ತತ್ತಿ, ಸಕ್ಕರೆಯಲ್ಲಿ ಅದ್ದಿ ತುಪ್ಪದಲ್ಲಿ ಹುರಿದು ಕೊಟ್ಟಳು. ಬಾಯಿ ರುಚಿ ಸತ್ತು ಮಲಗಿದ್ದವಳು ಎದ್ದು ಕುಳಿತು ತಿಂದೆ. ಆಮೇಲೆ ಜ್ವರ ಹೋದರೂ ನೀನು ಅದನ್ನು ಬಿಡಲಿಲ್ಲ. ಕಾಲೇಜಿಗೆ ಹೋದ ಮೇಲೆ ಒಮ್ಮೆ ಬಂದು, "ಅವ್ವಾ, ಇದಕ್ಕ ಫ್ರೆಂಚ್ ಟೋಸ್ಟ್ ಅಂತಾರ, ಹೋಟೆಲ್‌ದಾಗ ಮಸ್ತ್ ರೊಕ್ಕ ಐತಿ" ಅಂದೆ. ಅದಕ್ಕೆ ಅವಳು, "ಯಾರ್ ಏನರ ಅನ್ಲಿ, ನಮ್ಮ ಮನ್ಯಾಗ ಇದು ಜಡ್ಡಿನ ಬ್ರೆಡ್ಡು" ಅಂದಿದ್ದಳು. ನಾವು ಮೂವರೂ ನಕ್ಕಿದ್ದೆವು.

ದೀಪಾವಳಿಯ ಪಾಡ್ಯದ ದಿನ ನೀನು ಫೋನು ಮಾಡಿ, "ಅಪ್ಪಾ, ನನಗ ಬ್ಯಾರೆ ಏನೂ ಬ್ಯಾಡ, ಅವ್ವನ ಕೈಯಾಗಿನ ಜಡ್ಡಿನ ಬ್ರೆಡ್ ಒಂದ್ ತಿನ್ನಬೇಕನಸೈತಿ" ಅಂದೆ. ಅವಳು ಕೌದಿ ಹೊದ್ದು ಗೋಡೆಗೆ ಒರಗಿ ಕುಳಿತಿದ್ದಳು, ಎಲ್ಲ ಕೇಳಿಸಿಕೊಂಡಳು. ಮರುದಿನ ಮುಂಜಾನೆ ನನ್ನನ್ನು ಕರೆದು, ತನಗೆ ಹುರಿದ ಬ್ರೆಡ್ಡು ತಿನ್ನುವ ಆಸೆಯಾಗಿದೆ, ಮಾಡಿಕೊಡಿ ಅಂದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ ಚಪ್ಪಲಿ ಮೆಟ್ಟದೆ ಅಂಗಡಿಗೆ ಓಡಿದೆ. ಅಂಬಲಿಯನ್ನೇ ಚಮಚದಲ್ಲಿ ಹನಿ ಹನಿ ಬಿಡುತ್ತಿದ್ದೆನಲ್ಲ, ಬ್ರೆಡ್ಡು ಹೇಗೆ ಇಳಿದೀತು ಎಂದು ಒಂದು ಸಲವೂ ಯೋಚಿಸಲಿಲ್ಲ ಈ ನಿಮ್ಮಪ್ಪ. ನಂಬುವುದು ನನಗೆ ಬೇಕಾಗಿತ್ತು, ನಂಬಿದೆ. ಬೇಕರಿಯಿಂದ ಬಿಸಿ ಬಿಸಿ ಹೊಸ ಬ್ರೆಡ್ಡು ತಂದು ಹಾಲಿನಲ್ಲಿ ಅದ್ದಿದರೆ ಅದು ಕೈಯಲ್ಲೇ ಕರಗಿ ಪಾತ್ರೆಯ ತಳ ಸೇರಿತು. ಅವಳು ಮಾಡಿನ ಗೂಡಿನ ಕಡೆ ಬೆರಳು ತೋರಿಸಿದಳು. ಹಳೆಯ ಬ್ರೆಡ್ಡೇ ಆಗಬೇಕಂತೆ, ಒಂದೆರಡು ದಿನ ಒಣಗಿದ್ದು, ಬೂಸ್ಟು ಬಂದದ್ದಲ್ಲ. ಹಾಲು ಕುಡಿದರೂ ಮೈ ಬಿಡುವುದಿಲ್ಲ.

ಆಮೇಲೆ ಶುರುವಾಯಿತು ನೋಡು ನನ್ನ ಟ್ರೇನಿಂಗು. ತತ್ತಿಯನ್ನು ಹಾಲಿಗೆ ಒಡೆದು ಹಾಕಿದರೆ ಎಳೆ ಎಳೆಯಾಗುತ್ತದೆ, ಮೊದಲು ತತ್ತಿಯನ್ನೇ ನೊರೆ ಬರುವ ಹಾಗೆ ಬಡಿಯಬೇಕು, ಆಮೇಲೆ ಹಾಲು. ಹಾಲು ಬಿಸಿ ಇರಬಾರದು. ಸಕ್ಕರೆ ಹೆಚ್ಚಾದರೆ ಹಂಚಿಗೆ ಹತ್ತಿ ಕರಿಕಾಗುತ್ತದೆ. ಯಾಲಕ್ಕಿ ಚಿಟಿಕೆ ಸಾಕು. ನಾನು ಒಲೆಯ ಉರಿ ಪೂರ್ತಿ ಬಿಟ್ಟು ಮೇಲೆ ಕಪ್ಪು, ಒಳಗೆ ಹಸಿ ಮಾಡಿದಾಗ, "ಘಾಟ ಏರ್ಸಾಕತ್ತೀರೇನ್ರಿ? ಸಣ್ಣ ಉರಿ ಮ್ಯಾಲ ಇಡ್ರಿ, ಹುಚ್ಚಪ್ಯಾಲಿ" ಎಂದು ಬೈದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಹುಚ್ಚಪ್ಯಾಲಿ ಅಂದದ್ದು, ನಾನು ಖುಷಿಯಿಂದ ಅನ್ನಿಸಿಕೊಂಡೆ. ಮಾಡಿ ತಾಟಿಗೆ ಹಾಕಿ ಕೊಟ್ಟರೆ, "ನೀವು ಹೊರಗ ಕುಂದರ್ರಿ, ಈ ಬಾಯಿಲೆ ತಿನ್ನೋದು ನಿಮಗ ನೋಡಾಕ ಚಲೋ ಕಾಣಾಂಗಿಲ್ಲ" ಎಂದು ಕಳಿಸುತ್ತಿದ್ದಳು. ಕಟ್ಟೆಯ ಮೇಲೆ ಕುಳಿತು ಬರುವವರಿಗೆ ಹೋಗುವವರಿಗೆ ಹೇಳಿದ್ದೇ ಹೇಳಿದ್ದು, ಸಾವಿತ್ರವ್ವ ಊಟ ಮಾಡಾಕತ್ತಾಳ, ನನ್ನ ಕೈಯಾಗಿನ ಬ್ರೆಡ್ ತಿನ್ನಾಕತ್ತಾಳ ಅಂತ. ಒಳಗೆ ಹೋದರೆ ತಾಟು ಖಾಲಿ. ಆದರೆ ದಿನಾ ಒಂದು ತಕರಾರು ತಪ್ಪುತ್ತಿರಲಿಲ್ಲ. ಇವತ್ತು ನಡುವೆ ನೆನೆದಿಲ್ಲ, ಇವತ್ತು ತುಪ್ಪ ಜಾಸ್ತಿ, ಇವತ್ತು ಸಪ್ಪಗಿದೆ. ನನಗೂ ಸಿಟ್ಟು ಮೂಗಿನ ತುದಿಗೇ ಇರುತ್ತದಲ್ಲ, "ತಿಂದ್ ಖಾಲಿ ಮಾಡಿ ಮ್ಯಾಲ ಹೆಸರ ಇಡ್ತೀ" ಎಂದು ಒಂದು ದಿನ ಹಂಚನ್ನು ಕುಕ್ಕಿದ್ದೂ ಉಂಟು.

ಹೋದ ಸೋಮವಾರ ಪಕ್ಕದ ಮನೆಯ ಸಗೀರಾ ಕಟ್ಟೆಯ ಹತ್ತಿರ ಬಂದು ನಿಂತಳು. ನಿಮ್ಮವ್ವನ ಜೊತೆ ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವಳು, ನಿನ್ನನ್ನು ಎತ್ತಿ ಆಡಿಸಿದವಳು. ಸಿಟ್ಟಿನಿಂದಲೇ ಅಂದಳು, "ಅಣ್ಣಾ, ನನಗ ಸಕ್ಕರಿ ಬ್ಯಾನಿ ಐತಿ. ದಿನಾ ನಿಮ್ಮ ಸಿಹಿ ಬ್ರೆಡ್ ತಿಂದ್ ತಿಂದ್ ಆಕಿಕಿಂತ ಮೊದ್ಲ ನಾನ ಸಾಯ್ತೇನಿ. ಲಗೂನ ಚಲೋ ಮಾಡೂದ್ ಕಲ್ಕೊಳ್ರಿ." ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಎಲ್ಲ ಹೇಳಿದಳು. ನಾನು ಹೊರಗೆ ಕುಳಿತ ಕೂಡಲೇ ನಿಮ್ಮವ್ವ ಹಿಂದಿನ ಕಿಟಕಿಯಿಂದ ತಾಟನ್ನು ಸಗೀರಾಳಿಗೆ ಕೊಡುತ್ತಿದ್ದಳಂತೆ. ಸಗೀರಾ ತಿಂದು ಹೇಗಿದೆ ಎಂದು ಹೇಳಬೇಕು, ಅದನ್ನು ಕೇಳಿಕೊಂಡು ಇವಳು ನನಗೆ ಹೇಳುತ್ತಿದ್ದಳು. ಒಂದು ಚೂರೂ ಅವಳ ಗಂಟಲಲ್ಲಿ ಇಳಿದಿಲ್ಲ ತಂಗಿ. ಒಂದು ದಿನವೂ ಇಳಿದಿಲ್ಲ. ಒಳಗೆ ಹೋಗಿ, ನನ್ನನ್ನು ಯಾಕೆ ಹೀಗೆ ಕುಣಿಸಿದೆ ಎಂದು ಕೂಗಿದೆ. ಅವಳು ಸುಮ್ಮನೆ ಕೂಗಲು ಬಿಟ್ಟು, ನಾನು ದಣಿದು ಕುಳಿತ ಮೇಲೆ ಮೆಲ್ಲಗೆ ಅಂದಳು, "ಮಗಳ ಬಯಕಿ ಬುತ್ತಿ ತವರಮನಿಯಿಂದನ ಹೋಗಬೇಕು. ನನ್ನ ಕೈಲೆ ಆಗಾಂಗಿಲ್ಲ. ಬರೀ ಕಲೀರಿ ಅಂದಿದ್ರ ನೀವು ಕಲೀತಿದ್ದಿಲ್ಲ. ನನಗ ತಿನ್ನಬೇಕು ಅಂದಿದ್ದಕ್ಕ ಕಲತ್ರಿ." ನಾನು ಅತ್ತೆ. ಯಾಕೆ ಮುಚ್ಚಿಡಲಿ, ಅವಳ ಮೊಣಕಾಲಿನ ಮೇಲೆ ತಲೆ ಇಟ್ಟು ಅತ್ತೆ.

ಇವತ್ತು ಮುಂಜಾನೆ ಮಾಡಿದ್ದು ಅದೇ ಬುತ್ತಿ. ಸಗೀರಾ ಒಂದು ತುಣುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, "ಸಾವಿತ್ರಿ ಕೈ ಬಿತ್ತು ನೋಡ್ರಿ" ಅಂದಳು. ನಿಮ್ಮವ್ವ ಪ್ರತಿಯೊಂದರ ನಡುವೆಯೂ ಬೆರಳಿಟ್ಟು ಒತ್ತಿ ನೋಡಿ, ಮೂಸಿ ನೋಡಿ, ಆರಿದ ಮೇಲೆಯೇ ರೊಟ್ಟಿ ಕಟ್ಟುವ ಅರಿವೆಯಲ್ಲಿ ಕಟ್ಟಿಸಿದಳು. ಬಿಸಿ ಇದ್ದಾಗ ಡಬ್ಬಿ ಮುಚ್ಚಿದರೆ ಬೆವತು ಮೆತ್ತಗಾಗುತ್ತದೆ. ನೀನು ತಿನ್ನುವ ಮುಂಚೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ಸಲ ಬೆಚ್ಚಗೆ ಮಾಡಿಕೋ. ಅವಳು ನನ್ನಿಂದ ಬರೆಸಬೇಕೆಂದಿದ್ದು ಇಷ್ಟೇ: ಇದು ಅವ್ವನೇ ಮಾಡಿದ್ದು, ಅವ್ವ ಅರಾಮ ಇದ್ದಾಳೆ, ಹಡೆಯುವವರೆಗೆ ಬರುವುದು ಬೇಡ. ಆಣೆ ಮುರಿದು ನಾನು ಉಳಿದದ್ದನ್ನೆಲ್ಲ ಬರೆದಿದ್ದೇನೆ. ಅವಳ ಮುಖ ನೋಡಿದರೆ ಕೂಸು ಹಾಗೇ ಆಗುತ್ತದೆ ಅನ್ನುತ್ತಾಳೆ. ಆಗಲಿ ಬಿಡು. ಅದಕ್ಕಿಂತ ಒಳ್ಳೆಯ ಮುಖವನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಆದರೂ ನಿನ್ನ ಮೈ, ನಿನ್ನ ಕೂಸು, ಡಾಕ್ಟರಮ್ಮನನ್ನು ಕೇಳು, ಸುಭಾಸಪ್ಪನನ್ನು ಕೇಳು. ನಾನು ಬಾ ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ನಿನಗೂ ಹೊಟ್ಟೆಯೊಳಗಿನ ಕಂದನಿಗೂ ಇಬ್ಬರ ಆಶೀರ್ವಾದ. ಅವಳದು ಕೇಳದೆಯೇ ಬರೆಯುತ್ತಿದ್ದೇನೆ, ಕೊಟ್ಟೇ ಕೊಡುತ್ತಾಳೆ.

ಇಂತಿ ನಿಮ್ಮಪ್ಪ,
ಚಂದಪ್ಪ

ತಾ.ಕ.: ನಿಮ್ಮ ಇಂಡಿಗೆ ಹೊರಟ ಬಸ್ಸಿನ ಡ್ರೈವರ್ ಮಲ್ಲಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬುತ್ತಿ, ಪತ್ರ ಎರಡನ್ನೂ ಅವನ ಕೈಗೆ ಕೊಡಬೇಕು. ಬಾ ಎಂದು ಹೇಳಲಾರೆ ಅಂತ ಮೇಲೆ ಬರೆದೆನಲ್ಲ, ಅದನ್ನು ಹೊಡೆದು ಹಾಕು. ಈಗ ಗಂಟು ಬಿಚ್ಚಿ ಮತ್ತೆ ಕಟ್ಟುವಾಗ ನಿಮ್ಮವ್ವ ಎಲ್ಲಕ್ಕಿಂತ ಚಲೋ ಬೆಂದ ಒಂದನ್ನು ತೆಗೆದು ಸಣ್ಣ ತಾಟಿನಲ್ಲಿ ಮುಚ್ಚಿ ತನ್ನ ಕೌದಿಯ ಪಕ್ಕದಲ್ಲಿ ಇಟ್ಟುಕೊಂಡಳು. ಅವಳಂತೂ ತಿನ್ನುವುದಿಲ್ಲ, ಸಗೀರಾಳಿಗೆ ಸಾಕಾಗಿದೆ, ಯಾರಿಗೆ ಎಂದು ಕೇಳಿದೆ. ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅಂದಳು, "ಹೇಳಿದ್ ಮಾತ್ ಕೇಳೂ ಮಗಳಲ್ಲ ಅದು. ಬಂದಬಿಟ್ರ ಕೈಯಾಗ ಏನ್ ಕೊಡ್ಲಿ?" ಮಲ್ಲಣ್ಣನ ಗಾಡಿ ನಾಳೆ ಮುಂಜಾನೆ ಇಂಡಿಯಿಂದ ತಿರುಗಿ ಬರುತ್ತದೆ. ಮುಂದಿನ ಸೀಟು ಹಿಡಿದಿಡಲು ಹೇಳಿದ್ದೇನೆ. ಬಾರವ್ವಾ.